ಕಡಿಮೆ ಬೆಲೆಯ ಮಾಲಿಗೆ ಇಂಗ್ಲಿಷ್ ಕ್ಯಾಟಲಾಗ್ ಬರೆಯುವಾಗ

ಪೀಣ್ಯದ ಸಣ್ಣ ಫ್ಯಾಕ್ಟರಿಗಳಿಗೆ ಇಂಗ್ಲಿಷ್ ಕ್ಯಾಟಲಾಗ್, ಡಬ್ಬದ ಮೇಲಿನ ಬರಹ, ಡೀಲರುಗಳಿಗೆ ಹೋಗುವ ಮೇಲ್ ಬರೆದುಕೊಡುವುದು ನನ್ನ ಕೆಲಸ. ಬರುವುದೆಲ್ಲ ಹೆಚ್ಚಾಗಿ ಸಾದಾ ಮಾಲು: ಟೇಬಲ್ ಫ್ಯಾನ್, ಒಂಟಿ ಬರ್ನರಿನ ಸ್ಟೌ, ಸ್ಟೀಲ್ ಡಬ್ಬಿ. ಮಾಲೀಕರು ಹೇಳುವುದು ಒಂದೇ ಮಾತು: "ರೇಟು ಕಡಿಮೆ ಅಂತ ಗೊತ್ತಾಗಬೇಕು, ಮಾಲು ಕಳಪೆ ಅನ್ನಿಸಬಾರದು." ನನ್ನ ತಲೆನೋವೆಲ್ಲ ಇರುವುದು ಇಲ್ಲೇ.

ಗಿರಾಕಿ ಓದುವ ಜಾಗದಲ್ಲಿ ನಾನು 'ಚೀಪ್' ಬರೆಯುವುದೇ ಇಲ್ಲ. ಆ ಪದ ಬೆಲೆಯ ಜೊತೆಗೆ ಕೊಳ್ಳುವವರ ಮರ್ಯಾದೆಯನ್ನೂ ಇಳಿಸಿಬಿಡುತ್ತದೆ. ಟಾಟಾ ನ್ಯಾನೊ ನೋಡಿ. 2009ರಲ್ಲಿ ಮಾರಾಟಕ್ಕೆ ಬಂತು, ಒಂದು ಲಕ್ಷದ ಕಾರು ಎಂದು ಹೆಸರಾಯಿತು. 'ಅತಿ ಅಗ್ಗದ ಕಾರು' ಎಂಬ ಹಣೆಪಟ್ಟಿಯಿಂದ ಪೆಟ್ಟು ಬಿತ್ತು ಎಂದು ಆಮೇಲೆ ರತನ್ ಟಾಟಾ ಅವರೇ ಹೇಳಿದರು. ಸ್ಕೂಟರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗಾಗಿ ಯೋಚಿಸಿ ಮಾಡಿದ ಕಾರು ಅದು. ಮನೆ ಮುಂದೆ ಕಾರು ನಿಲ್ಲಿಸುವವರಿಗೆ ಬೀದಿಯವರ ಮುಂದೆ ಗೌರವವೂ ಬೇಕು, ಅಲ್ವಾ?

'ಇನ್‌ಎಕ್ಸ್‌ಪೆನ್ಸಿವ್' ಬೆಲೆಯ ಮಾತನ್ನಷ್ಟೇ ಆಡುತ್ತದೆ, ಯಾರನ್ನೂ ಚುಚ್ಚುವುದಿಲ್ಲ. 'ಅಫೋರ್ಡಬಲ್' ಕೂಡ ಒಳ್ಳೆಯದೇ, ಆದರೆ ಸವೆದುಹೋಗಿದೆ. ಜಿಎಸ್‌ಟಿ ಲೆಕ್ಕದಲ್ಲಿ 45 ಲಕ್ಷದವರೆಗಿನ ಮನೆಯೂ ಅಫೋರ್ಡಬಲ್! ಹಾಗಾಗಿ ಈ ಪದ ಬಳಸಿದರೆ ಪಕ್ಕದಲ್ಲೇ ರೇಟು ಹಾಕುತ್ತೇನೆ.

ನನಗೆ ತುಂಬ ಇಷ್ಟವಾದ ಪದ 'ನೋ-ಫ್ರಿಲ್ಸ್'. ಮಕ್ಕಳ ಫ್ರಾಕಿಗೆ ಇಡುವ ಫ್ರಿಲ್ ಗೊತ್ತಲ್ಲ, ಅದೇ. ಫ್ರಿಲ್ ತೆಗೆದರೂ ಫ್ರಾಕು ಫ್ರಾಕೇ. ಬೆಂಗಳೂರಿನಿಂದ 2003ರಲ್ಲಿ ಶುರುವಾದ ಏರ್ ಡೆಕ್ಕನ್ ವಿಮಾನಗಳಿಗೆ ಈ ಪದ ಸರಿಯಾಗಿ ಒಪ್ಪಿತ್ತು. ಟಿಕೆಟ್ಟಿನ ಜೊತೆ ಊಟ ಇಲ್ಲ, ಆದರೆ ಊರು ತಲುಪಿಸುತ್ತಿತ್ತು. 'ಬೇರ್-ಬೋನ್ಸ್', 'ಸ್ಟ್ರಿಪ್ಡ್-ಡೌನ್' ಎಂದರೆ ಓದುವವರ ಗಮನ ಕಿತ್ತುಹಾಕಿದ್ದರ ಕಡೆಗೇ ಹೋಗುತ್ತದೆ. ಅವನ್ನು ಎಂಜಿನಿಯರುಗಳ ಮಾತಿಗೆ ಬಿಟ್ಟಿದ್ದೇನೆ.

ಒಂದು ಟೇಬಲ್ ಫ್ಯಾನ್ ಬಂದಿತ್ತು. ರಿಮೋಟ್ ಇಲ್ಲ, ಟೈಮರ್ ಇಲ್ಲ. ಮೂರು ಸ್ಪೀಡು, 400 ಎಂಎಂ ಸೈಜು, ತಾಮ್ರದ ವೈಂಡಿಂಗ್. ಮಾಲೀಕರು ಬರೆದುಕೊಟ್ಟಿದ್ದು 'ಲೋ ಕಾಸ್ಟ್ ಫ್ಯಾನ್ ಫಾರ್ ಪೂರ್ ಪೀಪಲ್'. ನಾನು ಬರೆದದ್ದು 'ಎ ನೋ-ಫ್ರಿಲ್ಸ್ ಟೇಬಲ್ ಫ್ಯಾನ್: ತ್ರೀ ಸ್ಪೀಡ್ಸ್, ಕಾಪರ್ ವೈಂಡಿಂಗ್, ಈಸಿ ಟು ರಿಪೇರ್'. ಬಡವರ ಮಾತು ಎತ್ತಲೇ ಇಲ್ಲ. 'ಸ್ಟರ್ಡಿ' ಅಂತಲೂ ಸೇರಿಸಿ ಎಂದರು. ಬುಡ ಅಲುಗಾಡುತ್ತಾ ಇಲ್ಲವಾ ಎಂದು ಫ್ಯಾನು ಓಡಿಸಿ ನೋಡಿದ ಮೇಲೆ ಸೇರಿಸಿದೆ. ಗಟ್ಟಿಮುಟ್ಟಲ್ಲದ್ದಕ್ಕೆ ಸುಮ್ನೆ ಆ ಪದ ಅಂಟಿಸಬಾರದು.

'ಎಂಟ್ರಿ-ಲೆವೆಲ್', ಅಂದರೆ ಮೊದಲ ಮೆಟ್ಟಿಲಿನ ಮಾಡೆಲ್, ಎನ್ನಲು ಮೇಲಿನ ಮಾಡೆಲ್ ಕೂಡ ಇರಬೇಕು. 100 ಸಿಸಿ ಬೈಕಿಗೆ ಸರಿ, ಇರುವುದೇ ಒಂದು ಸ್ಟೌ ಆದರೆ ಅದಕ್ಕೆ ಅರ್ಥವಿಲ್ಲ.

ಮಾರುಕಟ್ಟೆಯ ಬಗ್ಗೆ ಬರೆಯುವಾಗ ಇನ್ನೂ ಹುಷಾರು ಬೇಕು. ಡೀಲರಿಗೆ 'ವ್ಯಾಲ್ಯೂ ಸೆಗ್ಮೆಂಟ್', 'ಪ್ರೈಸ್-ಸೆನ್ಸಿಟಿವ್ ಬಯರ್ಸ್' ಎನ್ನುತ್ತೇನೆ. 'ಲೋ-ಎಂಡ್' ಫ್ಯಾಕ್ಟರಿಯೊಳಗಿನ ರಿಪೋರ್ಟಿಗೆ ಮಾತ್ರ. ಬ್ರಿಟನ್ನಿನ ಸೂಪರ್‌ಮಾರ್ಕೆಟ್ ಕಂಪನಿ ಟೆಸ್ಕೊ 1993ರಲ್ಲಿ ತಂದ ಅಗ್ಗದ ಮಾಲಿನ ಸಾಲಿಗೆ 'ಟೆಸ್ಕೊ ವ್ಯಾಲ್ಯೂ' ಎಂದು ಹೆಸರಿಟ್ಟಿತ್ತು. 2012ರಲ್ಲಿ ಅದನ್ನು 'ಎವ್ರಿಡೇ ವ್ಯಾಲ್ಯೂ' ಮಾಡಿ, ಪ್ಯಾಕೆಟ್ಟಿನ ರೂಪವನ್ನೂ ಬದಲಿಸಿತು. ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಸಿ.ಕೆ. ಪ್ರಹ್ಲಾದ್ ಅವರಿಂದ ಹೆಸರಾದ 'ಬಾಟಮ್ ಆಫ್ ದಿ ಪಿರಮಿಡ್' (ಆದಾಯದ ಪಿರಮಿಡ್ಡಿನ ತಳದಲ್ಲಿರುವ ಬಡ ಜನ) ಎಂಬ ಮಾತೂ ಹಾಗೇ ಬದಲಾಯಿತು. ಬಾಟಮ್ ಎನ್ನಲು ಹಿಂಜರಿದ ಎಷ್ಟೋ ಜನ ಈಗ 'ಬೇಸ್' ಎನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಇನ್ನು ದೂರಿನ ಮೇಲ್‌ಗಳು. ಅಲ್ಲಿ ಬರುವ ಪದಗಳನ್ನೆಲ್ಲ 'ಕ್ವಾಲಿಟಿ ಸರಿಯಿಲ್ಲ' ಎಂದು ಒಂದೇ ಮಾತಲ್ಲಿ ಮುಗಿಸಿದರೆ ಫ್ಯಾಕ್ಟರಿಯವರಿಗೆ ಏನೂ ತಿಳಿಯುವುದಿಲ್ಲ. 'ಫ್ಲಿಮ್ಸಿ' ಎಂದಿದ್ದರೆ ತಗಡು ತೆಳುವಾಗಿದೆ, ಗೇಜ್ (ತಗಡಿನ ದಪ್ಪ) ನೋಡಿ ಎನ್ನುತ್ತೇನೆ. 'ಶಾಡಿ' ಎಂದರೆ ಜೋಡಣೆ, ಫಿನಿಶಿಂಗ್ ಕೆಲಸದಲ್ಲಿ ಅಸಡ್ಡೆ. 'ಟ್ಯಾಕಿ' ಎಂದಿದ್ದರೆ ಮಾಲು ಚೆನ್ನಾಗಿಯೇ ಇರಬಹುದು, ಬಣ್ಣ ಇಲ್ಲವೇ ಸ್ಟಿಕ್ಕರ್ ಕಣ್ಣಿಗೆ ಚೆನ್ನಾಗಿ ಕಾಣುತ್ತಿಲ್ಲ. ಯಾವ ಪದ ಬಂದಿದೆ ನೋಡಿಕೊಂಡು, ಆಯಾ ವಿಭಾಗದ ಸೂಪರ್‌ವೈಸರಿಗೇ ನೇರವಾಗಿ ಫೋನ್ ಮಾಡುತ್ತೇನೆ.