ನ್ಯಾಯಾಧೀಶರ ದುರ್ನಡತೆಯ ವಿರುದ್ಧ ದೂರು: ಕಾಸರಗೋಡಿನ ಕನ್ನಡ ಕಕ್ಷಿಗಾರರು ಅನುಸರಿಸಬೇಕಾದ ಕ್ರಮ

ನ್ಯಾಯಾಧೀಶರ ಮೇಲೆ ದೂರು ಬರೆಯಲು ಕುಳಿತವರು ಮೊದಲು ನಿರ್ಧರಿಸಿಕೊಳ್ಳಬೇಕಾದ ವಿಷಯವೊಂದಿದೆ: ನಮ್ಮ ತಕರಾರು ಅವರು ಕೊಟ್ಟ ತೀರ್ಪಿನ ಮೇಲೋ, ಅವರ ನಡತೆಯ ಮೇಲೋ? ಗಡಿ ತಕರಾರಿನ ದಾವೆಯಲ್ಲಿ ಸಾಕ್ಷ್ಯವನ್ನು ತಪ್ಪಾಗಿ ಅರ್ಥೈಸಿದ್ದರೆ ಅದಕ್ಕೆ ಅಪೀಲು ಇದೆ, ಪುನರ್ವಿಮರ್ಶೆ ಇದೆ. ತಪ್ಪು ಆದೇಶ ಕೊಟ್ಟರೆಂಬ ಒಂದೇ ಕಾರಣಕ್ಕೆ ಶಿಸ್ತುಕ್ರಮ ಕೈಗೊಳ್ಳಬಾರದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಕೃಷ್ಣಪ್ರಸಾದ್ ವರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಇದು ಸರಿಯಾದ ನಿಲುವೆಂದೇ ನನ್ನ ಅಭಿಪ್ರಾಯ. ಸೋತ ಕಕ್ಷಿಗಾರನ ದೂರಿಗೆ ಹೆದರುವ ನ್ಯಾಯಾಧೀಶರಿಂದ ಯಾರಿಗೂ ನ್ಯಾಯ ಸಿಗದು. ಆದರೆ ಲಂಚ ಕೇಳುವುದು, ಒಂದು ಪಕ್ಷದವರನ್ನು ಗುಟ್ಟಾಗಿ ಭೇಟಿಯಾಗುವುದು, ಬಂಧುಗಳ ಮೊಕದ್ದಮೆಯನ್ನು ತಾವೇ ನಡೆಸುವುದು, ಜಾತಿ, ಧರ್ಮ ಅಥವಾ ಭಾಷೆಯನ್ನು ಹಿಡಿದು ಸಾಕ್ಷಿಯನ್ನು ಅವಮಾನಿಸುವುದು, ಸಿಬ್ಬಂದಿಯ ಮೇಲೆ ಲೈಂಗಿಕ ಕಿರುಕುಳ ನಡೆಸುವುದು ನಡತೆಗೆ ಸಂಬಂಧಿಸಿದವು. ಇವುಗಳಿಗೆ ಅಪೀಲು ಪರಿಹಾರವಲ್ಲ.

ಮಂಜೇಶ್ವರ, ಕುಂಬಳೆ ಕಡೆಯ ಅನೇಕರು ಇಂತಹ ದೂರನ್ನು ಶಾಸಕರಿಗೋ ಜಿಲ್ಲಾಧಿಕಾರಿಗೋ ಕೊಡಲು ಹೊರಡುತ್ತಾರೆ. ಅದರಿಂದ ಪ್ರಯೋಜನವಿಲ್ಲ. ಸಂವಿಧಾನದ 235ನೆಯ ವಿಧಿಯಂತೆ ಜಿಲ್ಲಾ ನ್ಯಾಯಾಲಯ ಹಾಗೂ ಅದರ ಕೆಳಗಿನ ನ್ಯಾಯಾಲಯಗಳ ಮೇಲಿನ ನಿಯಂತ್ರಣ ಹೈಕೋರ್ಟಿನದು. ಆದ್ದರಿಂದ ಕಾಸರಗೋಡು ಅಥವಾ ಹೊಸದುರ್ಗದ ಮುನ್ಸೀಫರು, ಮ್ಯಾಜಿಸ್ಟ್ರೇಟರು, ಸಬ್ ಜಡ್ಜ್ ಅಥವಾ ಜಿಲ್ಲಾ ನ್ಯಾಯಾಧೀಶರ ವಿರುದ್ಧದ ದೂರನ್ನು ಎರ್ನಾಕುಳದಲ್ಲಿರುವ ಕೇರಳ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಹೆಸರಿಗೆ, ರಿಜಿಸ್ಟ್ರಾರ್ ಜನರಲ್ ಅವರ ಮೂಲಕ, ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಶೀದಿಯನ್ನು ಜೋಪಾನವಾಗಿಡಬೇಕು.

ದೂರಿನ ಬಲವೆಲ್ಲ ಅದರ ಜೊತೆಗಿರುವ ಆಧಾರಗಳಲ್ಲಿದೆ. ಕೆಳ ನ್ಯಾಯಾಲಯಗಳ ನ್ಯಾಯಾಧೀಶರ ವಿರುದ್ಧದ ದೂರಿಗೆ ಅಫಿದವಿತ್ (ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ) ಮತ್ತು ಪರಿಶೀಲಿಸಬಹುದಾದ ದಾಖಲೆಗಳಿಲ್ಲದಿದ್ದರೆ ಅದನ್ನು ಪರಿಗಣಿಸಬಾರದೆಂದು ಭಾರತದ ಮುಖ್ಯ ನ್ಯಾಯಮೂರ್ತಿಗಳು 2014ರಲ್ಲಿ ಎಲ್ಲ ಹೈಕೋರ್ಟುಗಳಿಗೆ ಪತ್ರ ಬರೆದಿದ್ದಾರೆ. ಹೆಸರಿಲ್ಲದ ದೂರು ಕಡತ ಸೇರುತ್ತದೆ, ಅಷ್ಟೆ. ಹಾಗಾಗಿ ಅಫಿದವಿತ್‌ನಲ್ಲಿ ದಿನಾಂಕ, ಮೊಕದ್ದಮೆಯ ಸಂಖ್ಯೆ, ಆಡಿದ ಮಾತು, ಆಗ ಅಲ್ಲಿದ್ದವರ ಹೆಸರು ಇವನ್ನು ಕಂಡಂತೆ, ಕೇಳಿದಂತೆ ಬರೆಯಬೇಕು. ಇನ್ನೊಬ್ಬರಿಂದ ಕೇಳಿ ತಿಳಿದದ್ದಾದರೆ ಹಾಗೆಂದೇ ಬರೆಯಬೇಕು. ಆ ದಿನದ ಕಲಾಪದ ಟಿಪ್ಪಣಿ ಮತ್ತು ಆದೇಶಗಳ ದೃಢೀಕೃತ ನಕಲುಗಳನ್ನು ಲಗತ್ತಿಸಬೇಕು. ‘ಭ್ರಷ್ಟ’, ‘ನೀಚ’ ಎಂಬ ವಿಶೇಷಣಗಳು ದೂರನ್ನು ದುರ್ಬಲಗೊಳಿಸುತ್ತವೆ; ಘಟನೆಯೇ ಮಾತಾಡಲಿ.

ಭಾಷೆಯ ಕಾರಣಕ್ಕೆ ಹಿಂಜರಿಯುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಅದು ನನಗೆ ನಿಜವಾಗಿಯೂ ನೋವಿನ ಸಂಗತಿ. ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಆದರೂ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ ನಡೆಯುವುದರಿಂದ, ಕನ್ನಡದ ಮೂಲ ದೂರಿನ ಜೊತೆಗೆ ಇಂಗ್ಲಿಷ್ ಅನುವಾದವನ್ನೂ ಸೇರಿಸುವುದು ಜಾಣತನ. ಅರ್ಥವಾಗದ ಇಂಗ್ಲಿಷ್ ಅಫಿದವಿತ್‌ಗೆ ಯಾರೋ ಹೇಳಿದರೆಂದು ಸಹಿ ಹಾಕಬೇಡಿ, ಏಕೆಂದರೆ ನಾಳೆ ವಿಚಾರಣೆಯಲ್ಲಿ ಪಾಟೀಸವಾಲಿಗೆ ಉತ್ತರಿಸಬೇಕಾದವರು ನೀವೇ. ವಕೀಲರ ಶುಲ್ಕ ಭರಿಸಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಹಾಗೂ ಪಂಗಡದವರು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು.

ನ್ಯಾಯಾಂಗ ನಿಂದನೆಯ ಭಯವೂ ಅನೇಕರನ್ನು ಸುಮ್ಮನಾಗಿಸುತ್ತದೆ. ಕೆಳ ನ್ಯಾಯಾಲಯದ ನ್ಯಾಯಾಧೀಶರ ಬಗ್ಗೆ ಸದ್ಭಾವನೆಯಿಂದ ಹೈಕೋರ್ಟಿಗೆ ಸಲ್ಲಿಸುವ ಹೇಳಿಕೆ ನಿಂದನೆಯಾಗದೆಂದು 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 6ನೆಯ ಕಲಮು ಹೇಳುತ್ತದೆ. ಅದೇ ಬರಹವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಆ ರಕ್ಷಣೆ ಇರುವುದಿಲ್ಲ.

ಲಂಚದ ಒತ್ತಾಯ ನಡೆದಿದ್ದರೆ ತಡಮಾಡಬಾರದು. ಒತ್ತಾಯಕ್ಕೆ ಮಣಿದು ಹಣ ಕೊಟ್ಟವರು 7 ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ, ಲಂಚ ಕೊಟ್ಟ ಅಪರಾಧ ಅವರಿಗೆ ತಗಲುವುದಿಲ್ಲ. ನ್ಯಾಯಾಧೀಶರ ಮೇಲೆ ಕ್ರಿಮಿನಲ್ ಪ್ರಕರಣ ದಾಖಲಿಸಲು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಅನುಮತಿ ಬೇಕಾಗುವುದರಿಂದ, ಅವರಿಗೂ ಕೂಡಲೇ ಬರೆಯುವುದು ಅಗತ್ಯ.

ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ದಾರಿ ಬೇರೆ. ಅವರ ವಿರುದ್ಧದ ದೂರು ಆಯಾ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಅಥವಾ ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಹೋಗುತ್ತದೆ. 1999ರಿಂದ ಜಾರಿಯಲ್ಲಿರುವ ಆಂತರಿಕ ವಿಚಾರಣಾ ಕ್ರಮ, ಅಂದರೆ ನ್ಯಾಯಮೂರ್ತಿಗಳೇ ತಮ್ಮೊಳಗೆ ನಡೆಸುವ ವಿಚಾರಣೆ, ಅಲ್ಲಿ ಅನ್ವಯಿಸುತ್ತದೆ. ಸಂಸತ್ತಿನಲ್ಲಿ ಅವರ ಪದಚ್ಯುತಿಯ ಸೂಚನೆ ಮಂಡಿಸಲು ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರ ಸಹಿ ಬೇಕು. 1993ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ರಾಮಸ್ವಾಮಿಯವರ ವಿರುದ್ಧದ ಪ್ರಸ್ತಾವ ಲೋಕಸಭೆಯಲ್ಲಿ ಬಿದ್ದುಹೋಯಿತು. 2011ರಲ್ಲಿ ಪದಚ್ಯುತಿಯನ್ನು ರಾಜ್ಯಸಭೆ ಒಪ್ಪಿದ ಮೇಲೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಸೌಮಿತ್ರ ಸೇನ್ ರಾಜೀನಾಮೆ ಕೊಟ್ಟರು. ಇಲ್ಲಿ ಸಾಮಾನ್ಯ ಕಕ್ಷಿಗಾರನ ಕೈಯಲ್ಲಿರುವುದು ಪತ್ರವೊಂದೇ ಎಂಬುದು ವ್ಯವಸ್ಥೆಯ ದೊಡ್ಡ ಕೊರತೆ.

ದೂರಿನಲ್ಲಿ ಹುರುಳು ಕಂಡರೆ ಹೈಕೋರ್ಟ್ ಆಪಾದನಾ ಪಟ್ಟಿ ಕೊಟ್ಟು, ಆ ಅಧಿಕಾರಿಯ ಉತ್ತರ ಪಡೆದು, ವಿಚಾರಣೆ ನಡೆಸುತ್ತದೆ. ಶಿಕ್ಷೆ ಛೀಮಾರಿಯಿಂದ ಕಡ್ಡಾಯ ನಿವೃತ್ತಿ ಅಥವಾ ವಜಾದವರೆಗೂ ಹೋಗಬಹುದು. ಈ ನಡುವೆ ನಿಮ್ಮ ಮೊಕದ್ದಮೆ ತಾನಾಗಿ ನಿಲ್ಲುವುದಿಲ್ಲ, ಬೇರೆ ನ್ಯಾಯಾಲಯಕ್ಕೂ ಹೋಗುವುದಿಲ್ಲ. ಅದಕ್ಕೆ ಸಿವಿಲ್ ದಾವೆಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೆಯ ಕಲಮಿನಂತೆ ಜಿಲ್ಲಾ ನ್ಯಾಯಾಲಯಕ್ಕೋ ಹೈಕೋರ್ಟಿಗೋ ಪ್ರತ್ಯೇಕವಾಗಿ ವರ್ಗಾವಣೆ ಅರ್ಜಿ ಹಾಕಬೇಕು, ಮತ್ತು ಅಪೀಲಿನ ಅವಧಿ ಓಡುತ್ತಿದ್ದರೆ ದೂರಿನ ಫಲಕ್ಕಾಗಿ ಕಾಯದೆ ಅಪೀಲನ್ನು ಸಲ್ಲಿಸಿಬಿಡಬೇಕು.