ಒಂದು ಮಳೆಗಾಲ, ಒಂದು ಬರಗಾಲ: ಹಾಸನದಲ್ಲಿ ನಾವು ಬಡಾವಣೆ ಆರಿಸಿದ್ದು

ಹಾಸನದಲ್ಲಿ ನಾವು ನಾಲ್ಕು ಬಡಾವಣೆ ನೋಡಿದೆವು. ಒಂದರಲ್ಲಿ ಬಾಡಿಗೆಗೆ ಇದ್ದೆವು, ಇನ್ನೊಂದರಲ್ಲಿ ಸೈಟು ಕೊಂಡೆವು. ಮೊದಲ ದಿನ ಮನೆಮಂದಿಗೆಲ್ಲ ತುಂಬ ಹಿಡಿಸಿದ್ದು ಮಾತ್ರ ಇವೆರಡೂ ಅಲ್ಲ. ಬೆಂಗಳೂರು ಬಿಟ್ಟು ಮಕ್ಕಳುಮರಿ ಕಟ್ಟಿಕೊಂಡು ಸಣ್ಣ ಊರಿಗೆ ಬರಬೇಕು ಅಂತ ಯೋಚಿಸುವವರು ಈಗ ಜಾಸ್ತಿ. ಅವರಿಗೆ ಉಪಯೋಗಕ್ಕೆ ಬರಲಿ ಅಂತ ನಾವು ಮಾಡಿದ್ದನ್ನು ಬರೆಯುತ್ತಿದ್ದೇನೆ.

2022ರ ಜೂನ್‌ನಲ್ಲಿ ನಮ್ಮನೆಯವರಿಗೆ ಹಾಸನಕ್ಕೆ ವರ್ಗ ಆಯಿತು. ಮಗಳು ಆಗ ಐದನೇ ಕ್ಲಾಸು, ಮಗ ಯುಕೆಜಿ. ಶಾಲೆ ಶುರುವಾಗಿಬಿಟ್ಟಿತ್ತು. ಮಧ್ಯದಲ್ಲಿ ಬಿಡಿಸುವುದು ಬೇಡ ಅಂತ ಅವರೊಬ್ಬರೇ ಬಂದು ರೂಮು ಮಾಡಿಕೊಂಡರು. ನಾನು, ಅತ್ತೆ, ಮಕ್ಕಳು ಬೆಂಗಳೂರಿನಲ್ಲೇ ಉಳಿದೆವು. ನನ್ನದು ಲೆಕ್ಕಪತ್ರದ ಕೆಲಸ, ಎಲ್ಲಿ ಕೂತರೂ ನಡೆಯುತ್ತದೆ. ಹೀಗಾಗಿ ಹುಡುಕಾಡಲು ಒಂದು ವರ್ಷ ಸಿಕ್ಕಿತು. ದೂರ ಸುಮಾರು 185 ಕಿಲೋಮೀಟರ್. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ದಾರಿಯಲ್ಲಿ ರೈಲು ಓಡಲು ಶುರುವಾದ ಮೇಲೆ ಹೋಗಿಬರುವುದು ಕಷ್ಟವಲ್ಲ. ತಿಂಗಳಿಗೆ ಎರಡು ಸಲ ಎಲ್ಲರೂ ಬರುತ್ತಿದ್ದೆವು.

ನಮಗೆ ಬೇಕಿದ್ದದ್ದು ಇಷ್ಟು. ಮಗಳು ಸೈಕಲ್‌ನಲ್ಲಿ ಶಾಲೆಗೆ ಹೋಗುವಂತಿರಬೇಕು. ಅತ್ತೆಗೆ ಮಂಡಿನೋವು, ಆದರೂ ಸಂಜೆ ನಡೆದುಹೋಗಿ ಯಾರ ಜೊತೆಗಾದರೂ ನಾಲ್ಕು ಮಾತಾಡುವಂತಿರಬೇಕು. ನೀರು ಇರಬೇಕು. ಕಾಗದಪತ್ರ ಸರಿ ಇರಬೇಕು.

ನೋಡಿದ ನಾಲ್ಕರಲ್ಲಿ ಒಂದು ಊರೊಳಗಿನ ಹಳೆಯ ಹುಡಾ ಬಡಾವಣೆ. ಹುಡಾ ಅಂದರೆ ನಮ್ಮ ನಗರಾಭಿವೃದ್ಧಿ ಪ್ರಾಧಿಕಾರ. ಇನ್ನೊಂದು ಹೌಸಿಂಗ್ ಬೋರ್ಡ್ ಕಾಲೋನಿ. ಮೂರನೆಯದು ಬಿ.ಎಂ. ರಸ್ತೆಯಿಂದ, ಅಂದರೆ ಬೆಂಗಳೂರು-ಮಂಗಳೂರು ಹೆದ್ದಾರಿಯಿಂದ, ಒಳಗೆ ಹೋದರೆ ಸಿಗುವ, ಗೇಟು, ಕಾಂಪೌಂಡು, ಕ್ಲಬ್ ಹೌಸು ಎಲ್ಲ ಇರುವ ಖಾಸಗಿ ಬಡಾವಣೆ. ನಾಲ್ಕನೆಯದು ಸಾಲಗಾಮೆ ರಸ್ತೆ ಕಡೆಯ ಒಂದು ಸಣ್ಣ ಖಾಸಗಿ ಬಡಾವಣೆ. ಇದಕ್ಕೆ ಗೇಟು ಇಲ್ಲ, ಕಮಾನೂ ಇಲ್ಲ. ಇಂಜಿನಿಯರಿಂಗ್ ಕಾಲೇಜು, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇರುವ ರಸ್ತೆ ಅದು, ಬಸ್ಸು ಚೆನ್ನಾಗಿ ಓಡಾಡುತ್ತವೆ.

ಹೌಸಿಂಗ್ ಬೋರ್ಡ್ ಕಾಲೋನಿ ನಮಗೆ ಒಪ್ಪಿಗೆ ಇತ್ತು. ರಸ್ತೆ ಅಗಲ, ಮರಗಳು ಬೆಳೆದಿದ್ದವು. ಆದರೆ ನಮ್ಮ ಕೈಗೆಟಕುವ ಬೆಲೆಗೆ ಅಲ್ಲಿ ಏನೂ ಸಿಗಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆವು.

ಗೇಟಿನ ಬಡಾವಣೆ ಎಲ್ಲರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಮಕ್ಕಳಿಗೆ ಜಾರುಬಂಡೆ, ಸ್ಕೇಟಿಂಗ್ ಜಾಗ. ಕಾವಲುಗಾರ ಇರುತ್ತಾನೆ ಅಂತ ನನಗೆ ಸಮಾಧಾನ. ಮೊದಲ ಸಲ ಬಿಸಿಲಿನಲ್ಲಿ ನೋಡಿ ಅಡ್ವಾನ್ಸ್ ಕೊಡುವ ಮಾತೂ ಆಗಿತ್ತು. ಎರಡನೇ ಸಲ ಹೋಗಿದ್ದು ಜುಲೈನಲ್ಲಿ, ಪುನರ್ವಸು ಮಳೆ ಬಿಡದೆ ಹಿಡಿದಿದ್ದ ಒಂದು ಭಾನುವಾರ. ಅವತ್ತು ಅತ್ತೆಯೂ ಬಂದಿದ್ದರು. ಅವರು ಅರಸೀಕೆರೆ ಕಡೆಯ ಹಳ್ಳಿಯವರು, ಮದುವೆಯಾದಾಗಿನಿಂದ ಹೊಲ ಗದ್ದೆ ನೋಡಿಕೊಂಡೇ ಬಂದವರು.

ಸೈಟು ತೋರಿಸುವ ಹುಡುಗ ಛತ್ರಿ ಹಿಡಿದು ಮುಂದೆ ಹೋಗುತ್ತಿದ್ದ. ಅತ್ತೆ ಮಾತ್ರ ಹಿಂದೆ ಉಳಿದರು. ತಿರುಗಿ ನೋಡಿದರೆ ಸೀರೆ ಎತ್ತಿ ಕಟ್ಟಿಕೊಂಡು ಖಾಲಿ ಸೈಟಿನ ಅಂಚಿನಲ್ಲಿ ಬಗ್ಗಿ ನಿಂತಿದ್ದಾರೆ. ಕೈಯಲ್ಲಿದ್ದ ಕಡ್ಡಿಯಿಂದ ಮಣ್ಣಿನಲ್ಲಿದ್ದ ಒಂದು ತೂತು ತೋರಿಸಿದರು. ಸುತ್ತ ಸಣ್ಣ ಸಣ್ಣ ಕೆಸರುಂಡೆಗಳ ರಾಶಿ. "ಏಡಿ ಬಿಲ ಕಣಮ್ಮ ಇದು. ಅಲ್ಲಿ ನೋಡು, ಜೊಂಡು ಬೆಳೆದಿದೆ" ಅಂದರು. ಕಾಂಪೌಂಡಿನ ಬುಡದುದ್ದಕ್ಕೂ ಎದೆಮಟ್ಟದ ಜೊಂಡು. "ಗದ್ದೆಬಯಲು ಇದು. ಮೇಲೆ ಎರಡಡಿ ಕೆಂಪು ಮಣ್ಣು ಸುರಿದಿದ್ದಾರೆ ಅಷ್ಟೆ. ನೀರು ತನ್ನ ದಾರಿ ಮರೆಯಲ್ಲ." ಆ ಹುಡುಗನಿಗೂ ಈ ವಿಷಯ ಗೊತ್ತಿರಲಿಲ್ಲ ಅನ್ನಿಸುತ್ತದೆ. ಅವನು ಸುಮ್ನೆ ನಿಂತ.

ಮನೆಗೆ ಬಂದು ನಾವು ಮಾಡಿದ ಮೊದಲ ಕೆಲಸ ದಿಶಾಂಕ್ ಆ್ಯಪ್ ಹಾಕಿಕೊಂಡಿದ್ದು. ರಾಜ್ಯದ ಕಂದಾಯ ಇಲಾಖೆಯದ್ದು, ದುಡ್ಡು ಕೊಡಬೇಕಿಲ್ಲ. ಜಾಗದಲ್ಲಿ ನಿಂತು ತೆರೆದರೆ ಅದು ಯಾವ ಸರ್ವೆ ನಂಬರ್, ಯಾವ ಗ್ರಾಮ, ಯಾವ ಹೋಬಳಿ ಅಂತ ತೋರಿಸುತ್ತದೆ. ಮುಂದಿನ ಸಲ ಬಂದಾಗ ಬಡಾವಣೆಯ ನಾಲ್ಕೂ ಮೂಲೆಯಲ್ಲಿ ನಿಂತು ನಂಬರ್ ಬರೆದುಕೊಂಡೆವು. ಆಮೇಲೆ ಗ್ರಾಮನಕ್ಷೆ ತೆಗೆಸಿದೆವು. ಅದರಲ್ಲಿ ಕೆರೆ, ಹಳ್ಳ, ಬಂಡಿದಾರಿ ಎಲ್ಲ ಗೆರೆ ಹಾಕಿ ತೋರಿಸಿರುತ್ತಾರೆ. ಅತ್ತೆ ನಿಂತಿದ್ದ ಜಾಗದ ಪಕ್ಕದಲ್ಲೇ ಹಳ್ಳದ ಗೆರೆ ಇತ್ತು. ಪಹಣಿಯಲ್ಲಿ ಬಿ ಖರಾಬು ಅಂತಲೂ ಇತ್ತು. ಎ ಖರಾಬು ಅಂದರೆ ಬಂಡೆಯಂಥ ಸಾಗುವಳಿಗೆ ಬಾರದ ಜಾಗ. ಬಿ ಖರಾಬು ಅಂದರೆ ಹಳ್ಳ, ದಾರಿಯಂಥ ಸಾರ್ವಜನಿಕರ ಜಾಗ. ಅದನ್ನು ಯಾರೂ ಮಾರುವ ಹಾಗಿಲ್ಲ. ಈ ಒಂದು ವ್ಯತ್ಯಾಸ ತಿಳಿದಿದ್ದರೆ ಎಷ್ಟೋ ಜನ ಕಣ್ಣೀರು ಹಾಕುವುದು ತಪ್ಪುತ್ತದೆ.

ಆಮೇಲೆ ಕಾಗದಪತ್ರದ ವಿಷಯ. ಎರಡೂ ಖಾಸಗಿ ಬಡಾವಣೆಗಳಿಗೆ ಒಂದೇ ಪ್ರಶ್ನೆಗಳನ್ನು ಕೇಳಿದೆ. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಅಂತ ಉತ್ತರ ಬರೆದುಕೊಂಡೆ. ಜಮೀನಿನ ಭೂ ಪರಿವರ್ತನೆ ಆದೇಶ ಇದೆಯಾ? ನಾವು ನೋಡುವಾಗ ಇದು 1964ರ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಕೆಳಗೆ ಆಗಬೇಕಿತ್ತು, ವಸತಿಗೆ ಅಂತಲೇ ಆಗಿರಬೇಕಿತ್ತು. ಬಡಾವಣೆ ನಕ್ಷೆಗೆ ಪ್ರಾಧಿಕಾರದ ಅನುಮೋದನೆ ಇದೆಯಾ? ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನಂಬರ್ ಎಷ್ಟು? 500 ಚದರ ಮೀಟರ್‌ಗಿಂತ ದೊಡ್ಡ ಜಾಗದಲ್ಲಿ ಸೈಟು ಮಾಡಿ ಮಾರುವವರು 2016ರ ಕಾಯ್ದೆ ಪ್ರಕಾರ ರೇರಾದಲ್ಲಿ ನೋಂದಣಿ ಮಾಡಿಸಬೇಕು, ಜಾಹೀರಾತಿನಲ್ಲೂ ಆ ನಂಬರ್ ಹಾಕಬೇಕು. ಕೊಳ್ಳುವವರು ಕೊಟ್ಟ ದುಡ್ಡಿನಲ್ಲಿ ನೂರಕ್ಕೆ 70 ಭಾಗವನ್ನು ಬೇರೆ ಖಾತೆಯಲ್ಲಿಟ್ಟು ಅದೇ ಕೆಲಸಕ್ಕೆ ಬಳಸಬೇಕು. ರೇರಾ ವೆಬ್‌ಸೈಟಿನಲ್ಲಿ ಹುಡುಕಿದರೆ ಅನುಮೋದನೆಯಾದ ನಕ್ಷೆಯೂ ಸಿಗುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಊರ ಹೊರಗಿನ ಸೈಟು ಮಾರುವವರು "ಪಂಚಾಯಿತಿ ಇ-ಖಾತೆ ಇದೆ" ಅನ್ನುತ್ತಾರೆ. ಯಾವ ಖಾತೆ ಅಂತ ಕೇಳಿ. ನಾವು ನೋಡುವಾಗ ಇ-ಸ್ವತ್ತಿನಲ್ಲಿ, ಅಂದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಲ್ಲಿ, ನಮೂನೆ 9ರ ಜೊತೆ ಬರುತ್ತಿದ್ದದ್ದು 11ಎ. ಪರಿವರ್ತನೆ, ಅನುಮೋದನೆ ಎಲ್ಲ ಇರುವ ಆಸ್ತಿಗೆ ಅದು. 11ಬಿ ಬೇರೆ, ಅವು ಇಲ್ಲದ ಆಸ್ತಿಗೆ. ಅದನ್ನು ನೋಡಿ ಸಾಲ ಕೊಡುವ ಬ್ಯಾಂಕು ಸಿಗುವುದು ಕಷ್ಟವಿತ್ತು. ಗೇಟಿನ ಬಡಾವಣೆಯಲ್ಲಿ ನಮಗೆ ತೋರಿಸಿದ ಸೈಟಿಗೆ ಇದ್ದದ್ದು 11ಬಿ. ಮೊದಲ ಹಂತದ ಸೈಟುಗಳಿಗೆ ಎಲ್ಲ ಸರಿಯಿತ್ತು, ಅದರ ನಕ್ಷೆಯನ್ನೇ ತೋರಿಸಿ ಎರಡನೇ ಹಂತದ ಸೈಟು ಮಾರುತ್ತಿದ್ದರು. ಗೇಟು ಒಂದೇ, ರಸ್ತೆ ಒಂದೇ. ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ನಕ್ಷೆ ಹಿಡಿದು ಸೈಟ್ ನಂಬರ್ ಹುಡುಕಿದಾಗ ಮಾತ್ರ, ಆ ನಂಬರೇ ನಕ್ಷೆಯಲ್ಲಿ ಇಲ್ಲ ಅಂತ ಗೊತ್ತಾಯಿತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಡ್ವಾನ್ಸ್ ಕೊಡುವುದು ಬರೀ ಒಂದು ವಾರ ಮುಂದಕ್ಕೆ ಹೋಗಿತ್ತು, ಅದಕ್ಕೇ ಬಚಾವಾದೆವು.

ಸಾಲಗಾಮೆ ರಸ್ತೆ ಕಡೆಯ ಬಡಾವಣೆಯ ನಕ್ಷೆಯನ್ನು ಹಿಡಿದು ನಾನು, ಮಗಳು ಪೂರ್ತಿ ನಡೆದೆವು. ಅವಳು ಹೆಜ್ಜೆ ಎಣಿಸುತ್ತಿದ್ದಳು, ನಾನು ಟಿಕ್ ಹಾಕುತ್ತಿದ್ದೆ. ನಕ್ಷೆಯಲ್ಲಿ 40 ಅಡಿ ರಸ್ತೆ ಇದ್ದಲ್ಲಿ 40 ಅಡಿಯೇ ಇದೆಯಾ, ಪಾರ್ಕ್ ಅಂತ ಹಸಿರು ಬಳಿದಲ್ಲಿ ಪಾರ್ಕೇ ಇದೆಯಾ, ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟ ಸಿಎ ಸೈಟಿನಲ್ಲಿ ಯಾರಾದರೂ ಶೆಡ್ಡು ಹಾಕಿದ್ದಾರಾ ಅಂತ ನೋಡಿದೆವು. ಪಾರ್ಕಿನಲ್ಲಿ ಆಟದ ಸಾಮಾನು ಒಂದೂ ಇರಲಿಲ್ಲ. ಒಂದಷ್ಟು ಹೊಂಗೆ ಸಸಿ, ಎರಡು ಕಲ್ಲುಬೆಂಚು. ಆದರೆ ಜಾಗ ನಕ್ಷೆಯಲ್ಲಿ ಇದ್ದಷ್ಟೂ ಇತ್ತು. ರಸ್ತೆ, ಪಾರ್ಕುಗಳನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ಪತ್ರವನ್ನೂ ನೋಡಿದೆವು. ಅದು ಆಗಿದ್ದರೆ ನಾಳೆ ಪಾರ್ಕಿನ ಜಾಗವನ್ನು ಯಾರೂ ಸೈಟು ಮಾಡಿ ಮಾರಲು ಬರುವುದಿಲ್ಲ.

ಇಷ್ಟಾದರೂ ಕೊಳ್ಳಲಿಲ್ಲ. ಒಂದು ವರ್ಷ ಬಾಡಿಗೆಗೆ ಇದ್ದು ನೋಡೋಣ ಅಂತ ಹೇಳಿದ್ದು ನಮ್ಮನೆಯವರು. 2023ರ ಮೇನಲ್ಲಿ ಸಾಮಾನು ತಂದು ಹಳೆಯ ಹುಡಾ ಬಡಾವಣೆಯ ಒಂದು ಮನೆಯ ಮಹಡಿಗೆ ಬಂದೆವು. ಮಕ್ಕಳ ಟಿಸಿ ಜೊತೆ ಸ್ಯಾಟ್ಸ್ ನಂಬರನ್ನೂ (ಶಿಕ್ಷಣ ಇಲಾಖೆ ಪ್ರತಿ ಮಗುವಿಗೆ ಕೊಡುವ ನಂಬರ್) ಹಳೆಯ ಶಾಲೆಯಿಂದ ಬರೆಸಿಕೊಂಡು ಬನ್ನಿ. ಹೊಸ ಶಾಲೆಯಲ್ಲಿ ಮೊದಲು ಕೇಳುವುದೇ ಅದನ್ನು.

ಆ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತು. ಹಾಸನಕ್ಕೆ ಕುಡಿಯುವ ನೀರು ಹೇಮಾವತಿಯಿಂದ. 2024ರ ಬೇಸಿಗೆಯಲ್ಲಿ ನಮ್ಮ ಮನೆಗೆ ನೀರು ದಿನ ಬಿಟ್ಟು ದಿನ, ಒಮ್ಮೊಮ್ಮೆ ಮೂರು ದಿನಕ್ಕೊಮ್ಮೆ ಬರುತ್ತಿತ್ತು. ಆದರೂ ಬರುತ್ತಿತ್ತು. ಸಂಪು ತುಂಬಿಸಿಕೊಂಡರೆ ಸಾಲುತ್ತಿತ್ತು. ಗೇಟಿನ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡ ಒಬ್ಬ ಪರಿಚಯದ ಅಕ್ಕ ಇದ್ದಾರೆ. ಅಲ್ಲಿ ಇದ್ದದ್ದು ಮೂರು ಬೋರ್‌ವೆಲ್. ಎರಡು ಮಾರ್ಚಿಗೇ ಬತ್ತಿದವು. ಮೂರನೆಯದರಿಂದ ಬೆಳಿಗ್ಗೆ ಅರ್ಧ ಗಂಟೆ ಬಿಡುತ್ತಿದ್ದರಂತೆ, ಉಳಿದದ್ದಕ್ಕೆ ಟ್ಯಾಂಕರ್. ತಿಂಗಳ ನಿರ್ವಹಣೆ ದುಡ್ಡು ಎರಡು ಸಲ ಏರಿತು. ಮಳೆಗಾಲದಲ್ಲಿ ಮನೆಮುಂದೆ ನೀರು ನಿಲ್ಲುವ ಜಾಗದಲ್ಲೇ ಬೇಸಿಗೆಗೆ ಕುಡಿಯಲು ನೀರಿಲ್ಲ ಅಂದರೆ ಯಾರಿಗಾದರೂ ಸಂಕಟವಾಗುತ್ತದೆ, ಅಲ್ವಾ? ಆ ಅಕ್ಕ ಫೋನಿನಲ್ಲಿ ಹೇಳುವಾಗ ಅವರ ದನಿಯೇ ಬೇರೆಯಾಗಿತ್ತು.

ಬಾಡಿಗೆಯ ಆ ವರ್ಷದಲ್ಲಿ ಇನ್ನೂ ಎಷ್ಟೋ ಗೊತ್ತಾಯಿತು. ಭಾನುವಾರ ಹೋಗಿ ನೋಡಿದ ಬಡಾವಣೆ ಬೇರೆ, ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ನೋಡಿದ್ದು ಬೇರೆ. ಮಗಳ ಶಾಲೆಯ ಹೊತ್ತಿಗೆ ನಾಲ್ಕೂ ಕಡೆಯಿಂದ ಶಾಲೆವರೆಗೆ ಸ್ಕೂಟರಿನಲ್ಲಿ ಹೋಗಿ ಸಮಯ ಬರೆದುಕೊಂಡೆ. ಗೇಟಿನ ಬಡಾವಣೆಯಿಂದ ಬಂದರೆ ಹೆದ್ದಾರಿ ದಾಟಲೇಬೇಕು. ಸೈಕಲ್ಲಿನ ಆಸೆ ಅಲ್ಲಿಗೇ ಮುಗಿಯುತ್ತದೆ. ಸಾಲಗಾಮೆ ರಸ್ತೆ ಕಡೆಯಿಂದ ಒಳದಾರಿಯಲ್ಲೇ ಹದಿನೈದು ನಿಮಿಷ. ರಾತ್ರಿ ಎಂಟರ ಮೇಲೆ ಬೀದಿದೀಪ ಎಷ್ಟು ಉರಿಯುತ್ತವೆ ಅಂತಲೂ ನೋಡಿದೆವು.

ಎಲ್ಲಕ್ಕಿಂತ ಜಾಸ್ತಿ ವಿಷಯ ತಂದದ್ದು ಅತ್ತೆ. ಸಾಲಗಾಮೆ ರಸ್ತೆಯ ಆ ಬಡಾವಣೆಗೆ ನಾವು ಸಂಜೆ ಹೊತ್ತು ಹೋದಾಗೆಲ್ಲ ಅವರನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ಬರುತ್ತಿದ್ದೆವು. ಎರಡನೇ ಸಲಕ್ಕೇ ಒಬ್ಬರು ಅಜ್ಜಿ ಜೊತೆಯಾದರು. ಅವರು "ಯಾವೂರಮ್ಮ ನಿಮ್ಮದು?" ಅಂತ ಶುರುಮಾಡಿ, ಅವರೆಕಾಯಿ ಸುಲಿಯುತ್ತ ಎಲ್ಲ ಹೇಳಿದರಂತೆ. ನಲ್ಲಿ ನೀರು ಯಾವ ಹೊತ್ತಿಗೆ ಬರುತ್ತದೆ, ಯಾವ ಬೀದಿಯ ಚರಂಡಿ ಕಟ್ಟಿಕೊಳ್ಳುತ್ತದೆ, ಒಳಚರಂಡಿ ಸಂಪರ್ಕ ಯಾವ ಸಾಲಿನವರೆಗೆ ಬಂದಿದೆ, ಮಳೆಯಲ್ಲಿ ಕರೆಂಟು ಎಷ್ಟು ಹೊತ್ತು ಹೋಗುತ್ತದೆ. ಕೊನೆಯ ಎರಡು ಸಾಲಿಗೆ ಒಳಚರಂಡಿ ಇನ್ನೂ ಇಲ್ಲ, ಗುಂಡಿಯೇ ಗತಿ ಅಂತ ನಮಗೆ ತಿಳಿದದ್ದು ಹಾಗೆ. ನಮಗೆ ತೋರಿಸುತ್ತಿದ್ದ ಸೈಟು ಆ ಕೊನೆಯ ಸಾಲಿನದ್ದು. ಬೆಲೆ ಸ್ವಲ್ಪ ಜಾಸ್ತಿಯಾದರೂ ಎರಡನೇ ಸಾಲಿನ ಸೈಟು ಕೇಳಿದೆವು.

2024ರ ಜುಲೈನಲ್ಲಿ ಮಳೆ ಜೋರಾಗಿ ಬಂತು. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು, ಗೊರೂರಿನ ಅಣೆಕಟ್ಟೆ ತುಂಬಿದ ಮಳೆ ಅದು. ಅವತ್ತೇ ಹೋಗಿ ನೋಡಿದೆವು. ರಸ್ತೆಯ ನೀರು ಇಳಿಜಾರಿಗೆ ಹರಿದು ಪಾರ್ಕಿನ ಹಿಂದಿನ ಮೋರಿಗೆ ಇಳಿಯುತ್ತಿತ್ತು. ಸೈಟಿನಲ್ಲಿ ಗೇಣುದ್ದದ ಹುಲ್ಲು, ಕಾಲಿಟ್ಟರೆ ಕೆಸರು ಅಂಟುತ್ತಿತ್ತು, ನೀರು ನಿಂತಿರಲಿಲ್ಲ. ಅತ್ತೆ ಅಂಚಿನಲ್ಲೆಲ್ಲ ಏಡಿ ಬಿಲ ಹುಡುಕಿದರು. ಸಿಗಲಿಲ್ಲ.

ಮೂಲ ಸರ್ವೆ ನಂಬರಿನ 30 ವರ್ಷದ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ, ವಕೀಲರಿಗೆ ತೋರಿಸಿ, ನವೆಂಬರಿನಲ್ಲಿ 30x40 ಸೈಟು ನೋಂದಣಿ ಮಾಡಿಸಿದೆವು. ಸೈಟಿನ ಹೆಸರಿಗೆ ಮಾತ್ರ ಇಸಿ ತೆಗೆಸಿದರೆ ಸಾಲದು. ಬಡಾವಣೆ ಆಗುವ ಮುಂಚೆ ಆ ಜಮೀನು ಯಾರ ಯಾರ ಕೈದಾಟಿತು, ಅಣ್ಣತಮ್ಮಂದಿರ ಭಾಗ ಆಗಿದೆಯಾ ಅನ್ನುವುದು ಹಳೆಯ ನಂಬರಿನಲ್ಲಿ ಮಾತ್ರ ಕಾಣುತ್ತದೆ.

ಈಗ ಪಾಯ ತೆಗೆಯುವ ಮಾತು ನಡೆಯುತ್ತಿದೆ. ಮೇಸ್ತ್ರಿ ರಸ್ತೆಮಟ್ಟದಿಂದ ಎರಡಡಿ ಎತ್ತರ ಸಾಕು ಅಂತಾರೆ. ಅತ್ತೆ ಮೂರಡಿ ಬೇಕೇ ಬೇಕು ಅಂತ ಪಟ್ಟು ಹಿಡಿದಿದ್ದಾರೆ. ಮೂರಡಿಯಾದರೆ ಅವರಿಗೇ ಮೆಟ್ಟಿಲು ಹತ್ತುವುದು ಕಷ್ಟ ಅಂತ ನಮ್ಮನೆಯವರು ಮುಂಬಾಗಿಲ ಪಕ್ಕ ಇಳಿಜಾರು ದಾರಿಗೆ ಜಾಗ ಬಿಡಿಸಿದ್ದಾರೆ. ಮಗಳು ಆ ಇಳಿಜಾರಿನ ತುದಿಯಲ್ಲಿ ಸೈಕಲ್ ನಿಲ್ಲಿಸುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಬಂದಿದ್ದಾಳೆ.