ಟಿಕೆಟ್ ಇಲ್ಲದ ಗೋಡೆಗಳು: ಮೈಸೂರಿನಲ್ಲಿ ಬಿಟ್ಟಿಯಾಗಿ ಚಿತ್ರ ನೋಡುವುದು ಹೇಗೆ?

ಹುಣಸೂರು ರಸ್ತೆಯ ಕಲಾಮಂದಿರಕ್ಕೆ ಒಂದು ಸಂಜೆ ನಾಟಕಕ್ಕೆಂದು ಹೋಗಿದ್ದೆ. ಶುರುವಾಗಲು ಇನ್ನೂ ಅರ್ಧ ಗಂಟೆ ಇತ್ತು. ಅದೇ ಆವರಣದ ಸುಚಿತ್ರಾ ಕಲಾ ಗ್ಯಾಲರಿಯ ಬಾಗಿಲು ತೆರೆದಿತ್ತು, ಒಳಗೆ ಹೋದೆ. ಹೊಳೆ ದಂಡೆಯಲ್ಲಿ ಎಮ್ಮೆ ಮೈತೊಳೆಯುವ ಒಂದು ಪುಟ್ಟ ಜಲವರ್ಣ. ಅದರ ಮುಂದೆಯೇ ಅರ್ಧ ಗಂಟೆ ಕಳೆಯಿತು. ಮಾರನೆಯ ದಿನ ಅದಕ್ಕಾಗಿಯೇ ಮತ್ತೆ ಹೋದೆ. ದುಡ್ಡು ಕೊಟ್ಟು ಒಳಹೊಕ್ಕವರಿಗೆ ಎಲ್ಲವನ್ನೂ ನೋಡಿ ಮುಗಿಸುವ ಅವಸರ. ಬಿಟ್ಟಿ ಗ್ಯಾಲರಿಯಲ್ಲಿ ಒಂದೇ ಚಿತ್ರ ನೋಡಿ ಮನೆಗೆ ಬರಬಹುದು, ನಾಳೆ ಇನ್ನೊಂದಕ್ಕೆ ಹೋಗಬಹುದು.

ಎಲ್ಲಿ, ಯಾವಾಗ?

ಪತ್ರಿಕೆಯಲ್ಲಿ ನಗರದ ಇಂದಿನ ಕಾರ್ಯಕ್ರಮಗಳ ಪಟ್ಟಿ ಬರುತ್ತದಲ್ಲ, ಅದರಲ್ಲಿ ‘ಚಿತ್ರಕಲಾ ಪ್ರದರ್ಶನ’ ಎಂಬ ಸಾಲು ಹುಡುಕಿ. ಸುಚಿತ್ರಾ ಗ್ಯಾಲರಿಯ ಹೆಸರು ಆಗಾಗ ಸಿಗುತ್ತದೆ. ಸಿದ್ಧಾರ್ಥನಗರದ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಎಲ್ಲರ ಬಾಯಲ್ಲಿರುವ ‘ಕಾವಾ’, ವಿದ್ಯಾರ್ಥಿಗಳ ಪ್ರದರ್ಶನ ಏರ್ಪಡಿಸಿದಾಗ ತಪ್ಪಿಸಿಕೊಳ್ಳಬೇಡಿ. ಚಿತ್ರ, ಶಿಲ್ಪ, ಮುದ್ರಣಕಲೆ ಎಲ್ಲವನ್ನೂ ಒಂದೇ ಕಡೆ ನೋಡಬಹುದು. ಇರ್ವಿನ್ ರಸ್ತೆಯ ವೆಲ್ಲಿಂಗ್ಟನ್ ಹೌಸ್‌ನಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಕೇಂದ್ರವಿದೆ. ಬುಡಕಟ್ಟು ಜನರ ಕೈಕೆಲಸ ನೋಡಬೇಕೆನ್ನುವವರು ಅಲ್ಲಿಗೆ ಹೋಗಬೇಕು.

ಉದ್ಘಾಟನೆಯ ದಿನ ಬೇಡ. ಭಾಷಣ, ಹಾರ, ಫೋಟೊಗಳ ನಡುವೆ ಗೋಡೆ ಕಾಣುವುದೇ ಇಲ್ಲ. ಮರುದಿನ ಮಧ್ಯಾಹ್ನ ಹೋಗಿ. ಗ್ಯಾಲರಿ ಖಾಲಿ ಇರುತ್ತದೆ, ಕಲಾವಿದರು ಒಂದು ಕುರ್ಚಿ ಹಾಕಿಕೊಂಡು ಅಲ್ಲೇ ಕೂತಿರುತ್ತಾರೆ.

ಒಂದು ಸುತ್ತು, ಆಮೇಲೆ ಒಂದು ಚಿತ್ರ

ಮೊದಲು ಎಲ್ಲೂ ನಿಲ್ಲದೆ ಇಡೀ ಕೋಣೆಯನ್ನು ಒಮ್ಮೆ ಸುತ್ತಿ ಬನ್ನಿ. ಯಾವುದೋ ಒಂದು ಚಿತ್ರ ಮತ್ತೆ ಕಣ್ಣಿಗೆ ಬರುತ್ತದೆ. ಅದರ ಮುಂದೆ ಹತ್ತು ನಿಮಿಷ ನಿಲ್ಲಿ. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ, ಆಮೇಲೆ ಒಂದು ಮೊಳದಷ್ಟು ಹತ್ತಿರ ಹೋಗಿ ಕುಂಚದ ಗೆರೆ ನೋಡಿ. ದೂರದಿಂದ ನೆರಳೆಂದು ಕಂಡದ್ದು ಹತ್ತಿರದಲ್ಲಿ ಬರೀ ನೀಲಿ ಬಣ್ಣವಾಗಿರಬಹುದು. ಕೈ ಮಾತ್ರ ಹಿಂದಕ್ಕೆ ಕಟ್ಟಿಕೊಳ್ಳಿ. ಬೆರಳಿನ ಜಿಡ್ಡು ಚಿತ್ರಕ್ಕೆ ಹಾನಿ.

ಕೆಳಗಿನ ಚೀಟಿ ಓದುವುದು ಆಮೇಲೆ, ಆದರೆ ಓದಲೇಬೇಕು. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರವನ್ನು ರವಿವರ್ಮನ ತೈಲಚಿತ್ರವೆಂದೇ ತಿಳಿದವರು ಇವತ್ತಿಗೂ ಎಷ್ಟೋ ಮಂದಿ. ಅದು ಎಸ್.ಎಲ್. ಹಲ್ದಣಕರ್ ಅವರದು, ಅದೂ ಜಲವರ್ಣ. ಬೆರಳುಗಳ ಸಂದಿಯಿಂದ ಸೋರುವ ಆ ಬೆಳಕನ್ನು ನೀರಿನಲ್ಲಿ ಕಲಸಿದ ಬಣ್ಣದಿಂದ ತಂದದ್ದು ಎಂದು ಗೊತ್ತಾದ ಮೇಲೆ ನೋಡುವ ನೋಟವೇ ಬೇರೆಯಾಗುತ್ತದೆ. (ಅಲ್ಲಿಗೆ ಟಿಕೆಟ್ ಇದೆ. ಬಿಟ್ಟಿ ಗ್ಯಾಲರಿಗಳಲ್ಲಿ ಕಣ್ಣು ಪಳಗಿಸಿಕೊಂಡು ಹೋದರೆ ಕೊಟ್ಟ ದುಡ್ಡಿಗೆ ಹೆಚ್ಚು ಕಾಣುತ್ತದೆ.) ಎಚಿಂಗ್, ವುಡ್‌ಕಟ್‌ಗಳ (ಲೋಹದ ತಗಡು, ಮರದ ಹಲಗೆಯಲ್ಲಿ ಕೊರೆದು ತೆಗೆದ ಅಚ್ಚುಚಿತ್ರಗಳ) ಅಂಚಿನಲ್ಲಿ ಪೆನ್ಸಿಲ್‌ನಿಂದ 3/10 ಎಂದು ಬರೆದಿದ್ದರೆ, ಅಚ್ಚು ತೆಗೆದ ಹತ್ತು ಪ್ರತಿಗಳಲ್ಲಿ ಅದು ಮೂರನೆಯದು ಎಂದರ್ಥ. ಚೀಟಿಯ ಪಕ್ಕ ಕೆಂಪು ಚುಕ್ಕೆ ಅಂಟಿಸಿದ್ದರೆ ಆ ಚಿತ್ರ ಮಾರಾಟವಾಗಿದೆ.

ಮೈಸೂರು ಶೈಲಿಯ ಚಿತ್ರವಾದರೆ ಎದುರಿಗಷ್ಟೇ ನಿಂತರೆ ಸಾಲದು. ಪಕ್ಕಕ್ಕೆ ಸರಿದು, ಗೋಡೆಗೆ ಕೆನ್ನೆ ತಾಗುವಂತೆ ಓರೆಯಾಗಿ ನೋಡಿ. ದೇವಿಯ ಕಿರೀಟ, ಕಂಠೀಹಾರ, ಸೀರೆಯ ಜರಿ ಕಾಗದದಿಂದ ಕೂದಲೆಳೆಯಷ್ಟು ಮೇಲೆದ್ದಿರುತ್ತವೆ. ಸಫೇದ ಎಂಬ ಬಿಳಿ ಪುಡಿ, ರೇವಲ್‌ಚಿನ್ನಿ ಎಂಬ ಹಳದಿ ಮರದಂಟು, ಗೋಂದು ಕಲಸಿದ ಪೇಸ್ಟಿನಿಂದ ಉಬ್ಬು ಗೆರೆ ಎಳೆದು, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಇದೇ ಜೆಸ್ಸೊ ಕೆಲಸ. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪ, ನಮ್ಮದರಲ್ಲಿ ತೆಳು. ನನಗೆ ತೆಳುವೇ ಇಷ್ಟ. ಒಡವೆಗಿಂತ ಮೊದಲು ಮುಖ ಕಾಣುತ್ತದೆ.

ಮಾತಾಡಿಸಿ

‘ಇದರ ಅರ್ಥ ಏನು ಸರ್?’ ಎಂದು ಕೇಳಿದರೆ ಕಲಾವಿದರು ಮುದುಡಿಕೊಳ್ಳುತ್ತಾರೆ. ‘ಎಲ್ಲಿಂದ ಶುರು ಮಾಡಿದ್ರಿ ಮೇಡಂ? ಯಾವ ಬಣ್ಣ ಮೊದಲು ಹಾಕಿದ್ರಿ?’ ಎಂದು ಕೇಳಿ ನೋಡಿ. ಒಬ್ಬರು ನನ್ನನ್ನು ಚಿತ್ರದ ಹತ್ತಿರ ಕರೆದೊಯ್ದು, ಅಳಿಸಿಹಾಕಿದ ಒಂದು ಮರ ಇನ್ನೂ ಆಕಾಶದ ಬಣ್ಣದಡಿ ಮಸುಕಾಗಿ ಉಳಿದಿದ್ದನ್ನು ತೋರಿಸಿದರು. ಫೋಟೊ ತೆಗೆಯುವ ಮುನ್ನ ಕೇಳಿ. ಹೊರಡುವಾಗ ಅಭಿಪ್ರಾಯದ ಪುಸ್ತಕದಲ್ಲಿ ‘ಚೆನ್ನಾಗಿದೆ’ ಎಂದಷ್ಟೇ ಗೀಚಬೇಡಿ, ಯಾವ ಚಿತ್ರ, ಅದರಲ್ಲಿ ಏನು ಹಿಡಿಸಿತು ಎಂದು ಬರೆಯಿರಿ. ಚಿತ್ರ ಕೊಳ್ಳಲಾಗದ ನಮ್ಮಂಥವರು ಕಲಾವಿದರಿಗೆ ಕೊಡಬಹುದಾದ್ದು ಅದೇ.

ಮಕ್ಕಳಿದ್ದರೆ

15 ವರ್ಷದೊಳಗಿನವರಿಗೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟಿಕೆಟ್ ಇಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಕರೆದೊಯ್ಯಿರಿ. ಪಶ್ಚಿಮದ ಗೋಡೆಯ ತುಂಬ, ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧ. ‘ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಸೇನಾಪತಿ ಎಲ್ಲಿ? ಸಿಡಿಯುತ್ತಿರುವ ಮದ್ದಿನ ಗಾಡಿ ಎಲ್ಲಿ?’ ಎಂದು ಕೇಳಿದರೆ ಸಾಕು, ಹುಡುಕುವುದರಲ್ಲೇ ಮುಳುಗಿಹೋಗುತ್ತಾರೆ.

ಯಾರಿಗೂ ಟಿಕೆಟ್ ಬೇಡದ ಗೋಡೆ ಬೇಕೆಂದರೆ ಕೆ.ಆರ್. ಪೇಟೆ ಪಕ್ಕದ ಹೊಸಹೊಳಲು. ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ಗುಡಿಯ ಹೊರಗೋಡೆಯಲ್ಲಿ ಕೆಳಗಿನಿಂದ ಆನೆ, ಕುದುರೆ, ಬಳ್ಳಿ, ಕಥೆ, ಮಕರ, ಹಂಸ ಹೀಗೆ ಆರು ಪಟ್ಟಿ. ಪ್ರದಕ್ಷಿಣೆ ಹಾಕುತ್ತ ನಾಲ್ಕನೆಯ ಪಟ್ಟಿಯ ಮೇಲೆ ಕಣ್ಣಿಡಿ, ರಾಮಾಯಣ ಮಹಾಭಾರತಗಳು ಸಾಲಾಗಿ ಬರುತ್ತವೆ. ಬೆಳಿಗ್ಗೆ ಬೇಗ ಹೋಗಿ. ಎಳೆಬಿಸಿಲು ಗೋಡೆಯ ಮೇಲೆ ಓರೆಯಾಗಿ ಬೀಳುವ ಹೊತ್ತಿಗೆ ಆನೆಯ ಕಾಲ್ಗೆಜ್ಜೆಯ ಒಂದೊಂದು ಗುಂಡೂ ತನ್ನ ನೆರಳಿನೊಡನೆ ಎದ್ದು ಕಾಣುತ್ತದೆ.